ಕೊಂಡಮ್ಮನನ್ನು ಎಬ್ಬಿಸುವುದು

ಚಿಕ್ಕಬಳ್ಳಾಪುರ
12 ಜೂನ್ 2024

ಪ್ರಿಯ ಸೌಜನ್ಯ,

ನಿನ್ನೆ ಸಂಜೆ ಫೋನಿನಲ್ಲಿ ನೀನು "ಕಳಿಸೇ, ಏನಾಗಲ್ಲ" ಎಂದಾಗ ನಾನು ಬರೀ "ಹ್ಞೂಂ" ಎಂದದ್ದು ಬೇಜಾರಿನಿಂದಲ್ಲ. ಚಿಕ್ಕಮ್ಮ ಪಕ್ಕದಲ್ಲೇ ಕೂತು ಹುರುಳಿಕಾಯಿ ಬಿಡಿಸುತ್ತಿದ್ದಳು. ತನ್ನ ಬಗ್ಗೆ ಮಾತು ನಡೆದರೆ ಅವಳಿಗೆ ನನ್ನ ಮುಖದಲ್ಲೇ ಗೊತ್ತಾಗುತ್ತದೆ. ಆಮೇಲೆ "ನನ್ನ ಎಲ್ಲಿಗೆ ಹಾಕ್ತಾರಂತೆ?" ಎಂದು ದಿನವೆಲ್ಲ ಕೇಳುತ್ತಾಳೆ. ನಿನ್ನ ಮನೆಯಲ್ಲೋ ಅತ್ತೆಗೆ ಕಿವಿ ಮಂದವೆಂದು ಫೋನು ಸದಾ ಸ್ಪೀಕರಿನಲ್ಲಿರುತ್ತದೆ. ಅದಕ್ಕೇ, ಎಂ.ಎ. ಓದುವಾಗ ರಜೆಯಲ್ಲಿ ಬರೆಯುತ್ತಿದ್ದ ಹಾಗೆ, ಅವಳ ವಿಷಯವನ್ನಷ್ಟು ಕಾಗದದಲ್ಲಿ ಮಾತಾಡಿಕೊಳ್ಳೋಣ.

ಅಮ್ಮ ಹೋದ ಮೇಲೆ ಕೊಂಡಮ್ಮ ಚಿಕ್ಕಮ್ಮ ಗೌರಿಬಿದನೂರಿನಲ್ಲಿ ಕೆಂಪರಾಜಣ್ಣನ ಮನೆಯಲ್ಲೇ ಇದ್ದಳು. ಈಗ ಅಣ್ಣನ ಮಗಳಿಗೆ ಗಂಡು ನೋಡುತ್ತಿದ್ದಾರೆ. "ಹೆಣ್ಣು ನೋಡಕ್ಕೆ ಬಂದೋರು ಚಿಕ್ಕಮ್ಮನ್ನ ನೋಡಿ ವಾಪಸ್ ಹೋದ್ರೆ?" ಎನ್ನುತ್ತಾನೆ ಅವನು. ಬೆಂಗಳೂರಿನಾಚೆ ಒಂದು ಆಶ್ರಮ ಗೊತ್ತುಮಾಡಿದ್ದಾನೆ. ಒಳಗೆ ಹೋದವರು ಹಬ್ಬಕ್ಕೂ ಮನೆಗೆ ಬರುವಂತಿಲ್ಲ. ನಾನು ಜಗಳವಾಡಿ ಇಲ್ಲಿಗೆ ಕರೆತಂದೆ, ನಿಜ. ಆದರೆ ನಾನು ಕಾಲೇಜಿಗೆ ಹೋದರೆ ಸಂಜೆಯವರೆಗೂ ಅವಳು ಬೀಗ ಹಾಕಿದ ಮನೆಯೊಳಗೆ ಒಬ್ಬಳೇ. ಅದು ಆಶ್ರಮಕ್ಕಿಂತ ಎಷ್ಟು ಮೇಲು?

ನಿನ್ನಲ್ಲಿಗೆ ಹೋಗುತ್ತೇನೆಂದು ಕೇಳಿದವಳು ಅವಳೇ. "ಸೌಜನ್ಯಮ್ಮನೋರ ಮನೇಲಿ ಹುಳ ಸಾಕ್ತಾರಲ್ಲ, ಅಲ್ಲಿಗೆ ಕಳಿಸು. ಕೈ ಸುಮ್ನೆ ಕೂತ್ರೆ ತಲೆ ಓಡಾಡ್ತದೆ" ಎಂದಳು. ಹುಡುಗಿಯಾಗಿದ್ದಾಗ ರೇಷ್ಮೆಹುಳುವಿನ ಮನೆಗಳಿಗೆ ಕೂಲಿಗೆ ಹೋಗುತ್ತಿದ್ದವಳು. ಹುಳು ಗೂಡು ಕಟ್ಟಿ ಒಂದು ಬೆಳೆ ಮುಗಿಯುವವರೆಗೆ ಅವಳು ಚೆನ್ನಾಗಿದ್ದರೆ ಆಶ್ರಮದ ಮಾತು ಎತ್ತುವುದಿಲ್ಲವೆಂದು ಅಣ್ಣ ಒಪ್ಪಿದ್ದಾನೆ. ಹೀಗಾಗಿ ಒಂದು ಬೆಳೆಯ ಮೇಲೆ ಅವಳ ಮುಂದಿನ ಬದುಕೆಲ್ಲ ನಿಂತಿದೆ. ಇಷ್ಟು ಭಾರವನ್ನು ನಿನ್ನ ಮೇಲೆ ಹೇರುತ್ತಿದ್ದೇನೆ, ಸಹಿಸಿಕೋ.

ರಾತ್ರಿ ಊಟವಾದ ಮೇಲೆ ಎರಡು ಮಾತ್ರೆ, ಮರೆಯದೆ. ತೆಗೆದುಕೊಂಡರೆ ಏನೂ ತೊಂದರೆ ಇಲ್ಲ. ಕರೀಬೇವು ಎತ್ತಿಡುತ್ತಾಳೆ. ಬೈದರೆ ನಗುತ್ತಾಳೆ, ಹೊಗಳಿದರೆ ಅನುಮಾನ ಪಡುತ್ತಾಳೆ. ಭಾನುವಾರ ಬಸ್ಸಿಗೆ ಬರುತ್ತೇವೆ.

ನಿನ್ನ
ಗೌತಮಿ

*

ಶಿಡ್ಲಘಟ್ಟದ ಹತ್ತಿರ, ತೋಟದ ಮನೆ
23 ಜೂನ್ 2024

ಗೌತು,

ನಿನ್ನ ಚಿಕ್ಕಮ್ಮ ಬಂದು ವಾರ ಆಯ್ತು. ನಿನ್ನ ಬಸ್ಸು ಹತ್ತಿಸಿ ಬಂದ ಮೇಲೆ ಅಳ್ತಾರೇನೋ ಅಂತ ನಾನು ಬಾಳೆಹಣ್ಣು ಹಿಡಿದುಕೊಂಡು ನಿಂತಿದ್ರೆ, ಅವರು "ಹುಳ ಎಲ್ಲಿ?" ಅಂತ ಕೇಳಿ ಹೊರಟೇಬಿಟ್ಟರು.

ಮನೆಗೆ ನಮ್ಮನೆಯವರು ರಮೇಶ್‌ಬಾಬು ಯಜಮಾನರಾದ್ರೆ ಹುಳುಮನೆಗೆ ನಮ್ಮತ್ತೆಯೇ ಯಜಮಾನಿ, ನಿನಗೆ ಗೊತ್ತಲ್ಲ. ಮಗನಾಗಲಿ ಮೊಮ್ಮಗನಾಗಲಿ ಬ್ಲೀಚಿಂಗ್ ಪೌಡರ್ ನೀರಲ್ಲಿ ಕಾಲಿಡದೆ ಬಾಗಿಲು ದಾಟಂಗಿಲ್ಲ. ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಏ ಕೊಂಡಿ, ಕಾಲು ತೊಳೆದ್ಯಾ?"

"ತೊಳೆದೆ ಅಮ್ಮಾ."

"ಕೈ?"

"ಕೈಯಲ್ಲೇ ತಾನೆ ಕಾಲು ತೊಳೆದಿದ್ದು!"

ಅತ್ತೆ ಮೂತಿ ತಿರುಗಿಸಿದ್ರು, ಆದ್ರೆ ನಗು ತಡೆಯಕ್ಕೆ ಅಂತ ನನಗೆ ಗೊತ್ತಾಯ್ತು. ಅಲ್ಲಿಂದ ಇಬ್ಬರಿಗೂ ದಿನಾ ಇದೇ. ಅತ್ತೆ ಅವರನ್ನ ಕೊಂಡಿ ಅಂತಲೇ ಕರೀತಾರೆ, ಮುದ್ದಿಗೆ.

ಮೊನ್ನೆ ಒಂದು ದೊಡ್ಡ ರಾಮಾಯಣ. ಹುಳ ಬೆಳೆಯೋವಾಗ ನಾಲ್ಕು ಸಲ ಪೊರೆ ಬಿಡುತ್ತೆ. ಆಗ ತಿನ್ನೋದು ಬಿಟ್ಟು, ತಲೆ ಎತ್ತಿಕೊಂಡು, ಒಂದಿಡೀ ದಿನ ಅಲುಗಾಡದೆ ಕೂತಿರುತ್ತೆ. ಜ್ವರಕ್ಕೆ ಕೂತಿದೆ ಅಂತೀವಿ, ನಿಜವಾದ ಜ್ವರ ಏನಲ್ಲ. ಆ ಹೊತ್ತಲ್ಲಿ ಸೊಪ್ಪು ಹಾಕಬಾರದು, ಮುಟ್ಟಬಾರದು, ತಾನಾಗೇ ಏಳೋವರೆಗೂ ಬಿಟ್ಟುಬಿಡಬೇಕು. ನಿನ್ನ ಚಿಕ್ಕಮ್ಮ ಹೋಗಿ ಒಂದು ಮಂಕರಿ ಸೊಪ್ಪು ಸುರಿದುಬಿಟ್ಟಿದ್ದಾರೆ!

"ಪಾಪ, ಹಸ್ಕೊಂಡು ಮೇಲೆ ನೋಡ್ತಾ ಅವೆ ಅಂತ..."

"ಹಸಿವಲ್ಲವೇ ಅದು! ಇಷ್ಟು ವರ್ಷ ಏನು ಕೂಲಿ ಮಾಡಿದೆ ನೀನು? ತಲೆ ಎತ್ತಿ ಕೂತಿರೋದನ್ನ ಕೆಣಕಬಾರದು ಅಂತ ಗೊತ್ತಿಲ್ವಾ?"

ಇಬ್ಬರೂ ಸೇರಿ ಒಂದೊಂದೇ ಎಲೆ ಎತ್ತಿದರು. ಬೆಳೆಗೆ ಏನೂ ಆಗಿಲ್ಲ, ಹೆದರಬೇಡ.

ಮಲಗಕ್ಕೆ ತಂಪಾದ ಕೋಣೆ ಕೊಟ್ಟಿದ್ದೀನಿ. ಮಾತ್ರೆ ಡಬ್ಬಿ ಅವರ ಹತ್ತಿರಾನೇ ಇದೆ, ತಗೊಳ್ತಾರೆ. ನಿನಗೆ ಇನ್ನೂ ಕವಿತೆ ಓದಿದರೆ ಮಾತ್ರ ನಿದ್ದೆ ಬರೋದಾ? ನನಗಂತೂ ದಿಂಬು ಕಂಡರೆ ಸಾಕು.

ಸೌಜನ್ಯ

*

ಚಿಕ್ಕಬಳ್ಳಾಪುರ
26 ಜೂನ್ 2024

ಪ್ರಿಯ ಸೌಜನ್ಯ,

ನಿನ್ನ ಕಾಗದ ಓದಿ ಎಷ್ಟು ನಕ್ಕೆನೆಂದರೆ ಸ್ಟಾಫ್ ರೂಮಿನಲ್ಲಿ ಎಲ್ಲರೂ ತಿರುಗಿ ನೋಡಿದರು. ಆಮೇಲೆ ಎರಡನೆಯ ಸಲ ಓದಿದೆ. ಎರಡನೆಯ ಸಲ ಓದುವುದು ನನ್ನ ಕೆಟ್ಟ ಅಭ್ಯಾಸ.

ತಂಪಾದ ಕೋಣೆ ಎಂದರೆ ಯಾವುದು? ನಿಮ್ಮ ಮನೆಯನ್ನು ನಾನು ಬಲ್ಲೆ. ಅಲ್ಲಿ ಜೂನಿನಲ್ಲೂ ತಂಪಾಗಿರುವುದು ಒಂದೇ ಕೋಣೆ, ಗೋಣಿತಾಟು ನೆನೆಸಿ ಸೊಪ್ಪು ಶೇಖರಿಸಿಡುವುದು. ನನ್ನ ಊಹೆ ತಪ್ಪಿರಲಿ. ಅವಳು ಯಾವ ಲೋಟದಲ್ಲಿ ಕಾಫಿ ಕುಡಿಯುತ್ತಾಳೆ ಎಂಬುದನ್ನೂ ಬರಿ. ಅರವತ್ತು ದಾಟಿದವಳನ್ನು ಕೊಂಡಿ ಎನ್ನುವುದು ಮುದ್ದಿಗೋ, ನಮ್ಮ ಕೇರಿಯವರನ್ನು ಹಾಗೆ ಕರೆದು ರೂಢಿಯೋ? ಕೋಪವಿಲ್ಲ. ಕೇಳದೆ ಇದ್ದರೆ ನನಗೇ ಒಳಗೆ ಚುಚ್ಚುತ್ತದೆ.

ಅವಳಿಗೆ ಇದು ಶುರುವಾದದ್ದು ಹೆರಿಗೆಯಾದ ಮೇಲೆ. ಮಗು ಉಳಿಯಲಿಲ್ಲ. ಗಂಡನ ಮನೆಯವರು ಗಾಳಿ ಸೋಕಿದೆ ಎಂದು ಚಿಂತಾಮಣಿ ಕಡೆಯ ಮಂತ್ರವಾದಿಯೊಬ್ಬನ ಹಟ್ಟಿಯಲ್ಲಿ ಬಿಟ್ಟರು. ಅಲ್ಲಿ ತಲೆ ಬೋಳಿಸಿ ಕಲ್ಲುಕಂಬಕ್ಕೆ ಕಟ್ಟಿದ್ದರು. ಆಮೇಲೆ ಗ್ರಹ ಎಂದು ಉಪವಾಸ ಕೆಡವಿದರು. ಆಮೇಲೆ ಬರೀ ಹುಚ್ಚು ಎಂದು ದನದ ಕೊಟ್ಟಿಗೆಗೆ ಹಾಕಿದರು. ಕೊನೆಗೆ ಊರಿನ ಮಲೇರಿಯಾ ನೋಡಲು ಬಂದ ನರ್ಸಮ್ಮ ಕೊಟ್ಟಿಗೆಗೆ ಇಣುಕಿ, ಅಮ್ಮನನ್ನು ಹುಡುಕಿ, ಇಬ್ಬರನ್ನೂ ಬೆಂಗಳೂರಿನ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದರು. ಈಗ ಚೀಟಿಯಲ್ಲಿ ಅದಕ್ಕೊಂದು ಇಂಗ್ಲಿಷ್ ಹೆಸರಿದೆ. ಕಾಯಿಲೆಯ ಹೆಸರು ಬದಲಾದಾಗಲೆಲ್ಲ ಅವಳನ್ನು ಇಡುವ ಜಾಗವೂ ಬದಲಾಗಿದೆ. ಹಾಗಾಗಿ ಕೋಣೆ ಎಂದರೆ ನನಗೆ ಬರೀ ಕೋಣೆಯಲ್ಲ.

ಅಣ್ಣ ದಿನಾ ಫೋನ್ ಮಾಡುತ್ತಾನೆ. "ಹೆಂಗವ್ಳೆ?" ಎನ್ನುತ್ತಾನೆ. ಚೆನ್ನಾಗಿದ್ದಾಳೆ ಎಂದರೆ ಖುಷಿಯೋ ನಿರಾಸೆಯೋ ತಿಳಿಯದ ಹಾಗೆ "ಸರಿ ಬಿಡು" ಎನ್ನುತ್ತಾನೆ.

ನಿನ್ನ ಗೌತಮಿ

*

ತೋಟದ ಮನೆ
30 ಜೂನ್ 2024

ಗೌತು,

ನೀನು ಎರಡನೇ ಸಲ ಓದ್ತೀಯ ಅಂತ ಗೊತ್ತಿದ್ದೂ 'ತಂಪಾದ ಕೋಣೆ' ಅಂತ ಬರೆದೆ ನೋಡು. ಹೌದು, ಸೊಪ್ಪಿನ ಕೋಣೆಯೇ. ಮಂಚ ಹಾಕಿಸಿದ್ದೀನಿ, ಲೈಟಿದೆ. ಮನೆ ಒಳಗೆ ಅಂತ ಅತ್ತೆ ಹತ್ತಿರ ಒಂದು ಮಾತು ಎತ್ತಿದ್ದೆ, "ಹುಳುಮನೆಗೆ ಹತ್ತಿರ ಇರಲಿ ಬಿಡು" ಅಂದ್ರು. ನಾನೂ ಬಿಟ್ಟೆ. ಬೆಳೆ ಮುಗೀಲಿ, ಮಾತಾಡ್ತೀನಿ.

ಖುಷಿ ವಿಷಯ ಕೇಳು. ಹುಳ ನಾಲ್ಕನೇ ಜ್ವರದಿಂದ ಎದ್ದಿದೆ. ಇನ್ನು ಹಗಲೂ ರಾತ್ರಿ ಮೇವು. ಸೊಪ್ಪು ತಿನ್ನೋ ಸದ್ದು ಮಳೆ ಬಂದ ಹಾಗೆ ಕೇಳುತ್ತೆ. ನಿನ್ನ ಚಿಕ್ಕಮ್ಮ ಎಷ್ಟು ಚುರುಕು ಅಂದ್ರೆ ನಾನು ಅರ್ಧ ನಿದ್ದೆಯಲ್ಲಿ ಹೋದ್ರೆ ಅವರಾಗಲೇ ಎದ್ದು ಸೊಪ್ಪಿನ ಕಡ್ಡಿ ಹರಡ್ತಿರ್ತಾರೆ. ಬಂದಾಗ ಸಂಜೆಗೇ ತೂಕಡಿಸ್ತಿದ್ರು, ಈಗ ನಿದ್ದೇನೇ ಬೇಡ ಅವರಿಗೆ! "ಮಲಕ್ಕೊಳ್ಳಿ ಚಿಕ್ಕಮ್ಮ" ಅಂದ್ರೆ "ಇವು ಮಲಗಲಿ, ಆಮೇಲೆ ನಾನು" ಅಂತಾರೆ. ನಿಮ್ಮಣ್ಣನಿಗೆ ಹೇಳು, ಬಂದು ನೋಡಲಿ.

2 ಜುಲೈ

ಕಾಗದ ಪೋಸ್ಟಿಗೆ ಹಾಕೋದು ತಡ ಆಯ್ತು. ನಿನ್ನೆ ಬೆಳಿಗ್ಗೆಯಿಂದ ಚಿಕ್ಕಮ್ಮ ಸುಮ್ಮನೆ ಕೂತುಬಿಟ್ಟಿದ್ದಾರೆ. ಮಂಚದ ಮೇಲೆ, ಗೋಡೆಗೊರಗಿ, ತಲೆ ಮೇಲೆತ್ತಿಕೊಂಡು. ಕರೆದರೆ ಓಗೊಡಲ್ಲ. ಅನ್ನ ಬೇಡ. ಒಂದು ಚಮಚ ನೀರು ಬಾಯಿಗಿಟ್ಟರೆ ಹೊರಗೆ ಬಂತು. ನಾನು ಭುಜ ಹಿಡಿದು ಅಲುಗಾಡಿಸಕ್ಕೆ ಹೋದೆ. ಅತ್ತೆ ಓಡಿ ಬಂದು "ಮುಟ್ಟೊದ್ದು, ಮುಟ್ಟೊದ್ದು" ಅಂತ ತೆಲುಗಲ್ಲೇ ಕೂಗಿ ನನ್ನ ಕೈ ಎಳೆದರು. ಮುಟ್ಟಬೇಡ, ದಣಿದಿದ್ದಾಳೆ, ತಾನಾಗೇ ಏಳ್ತಾಳೆ ಅಂತ. ಬಾಗಿಲಿಗೆ ಗೋಣಿತಾಟು ಇಳಿಬಿಟ್ಟು, ಯಾರೂ ಸದ್ದು ಮಾಡಬಾರದು ಅಂದಿದ್ದಾರೆ. ಮಿಕ್ಸಿ ಕೂಡ ಹಾಕಿಸಿಲ್ಲ ಕಣೇ, ಚಟ್ನಿ ಒರಳಲ್ಲಿ ರುಬ್ಬಿದ್ದು. ನನ್ನ ಬಾಣಂತನದಲ್ಲೂ ಇಷ್ಟು ನೋಡಿಕೊಂಡಿರಲಿಲ್ಲ. ನೀನು ಲೋಟ, ಕೋಣೆ ಅಂತ ನೊಂದುಕೊಂಡೆಯಲ್ಲ, ಇದನ್ನ ನೋಡಿದ್ದರೆ ಸಮಾಧಾನ ಆಗ್ತಿತ್ತು.

ಹೀಗೆ ಮೊದಲೂ ಆಗ್ತಿತ್ತಾ? ನಾಳೆ ರಮೇಶ್‌ಬಾಬು ಚಿಕ್ಕಬಳ್ಳಾಪುರಕ್ಕೆ ಬರ್ತಿದ್ದಾರೆ, ಕಾಗದ ಅವರ ಕೈಲೇ ಕಳಿಸ್ತೀನಿ.

ಸೌಜನ್ಯ

*

ತೋಟದ ಮನೆ
14 ಜುಲೈ 2024

ಗೌತಮಿ,

ಫೋನ್ ಮಾಡಿದರೆ ನೀನು ಎತ್ತುತ್ತಿಲ್ಲ. ಆಸ್ಪತ್ರೆಗೆ ಬಂದರೆ "ಮಲಗಿದ್ದಾಳೆ" ಅಂತ ವಾರ್ಡಿನ ಬಾಗಿಲಲ್ಲೇ ಹೇಳಿ ಕಳಿಸಿದೆ. ಕಾಗದವನ್ನಾದರೂ ಒಳಗೆ ಬಿಟ್ಟುಕೋ.

ಅವತ್ತು ನನ್ನ ಕಾಗದ ಓದಿದವಳೇ ನೀನು ಓಡಿ ಬಂದು ಆಟೋ ಇಳಿದು, ಕಾಲೇಜಿನ ಸೀರೆಯಲ್ಲೇ, ಚಪ್ಪಲಿ ಕಾಲಲ್ಲೇ ಹುಳುಮನೆ ಹಾದು ಆ ಗೋಣಿತಾಟು ಕಿತ್ತೆಸೆದದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಅತ್ತೆ ಮತ್ತೆ "ಮುಟ್ಟೊದ್ದು" ಅಂದರು. ನೀನು "ಇನ್ನೂ ಮುಟ್ಟೊದ್ದಾ?" ಅಂತ ಅವರನ್ನ ನೋಡಿದೆಯಲ್ಲ, ಆ ನೋಟ ನನಗೂ ಇತ್ತು ಅಂತ ಗೊತ್ತು. ಒಂದು ಮಾತ್ರ ನಂಬು. ಅವರು ಅದನ್ನ ನೀನು ತಿಳಿದ ಅರ್ಥದಲ್ಲಿ ಹೇಳಲಿಲ್ಲ. ಹುಳ ಜ್ವರಕ್ಕೆ ಕೂತಾಗ ಹೇಗೆ ಮಾಡ್ತೀವೋ ಹಾಗೇ ಮಾಡಿದರು. ಐವತ್ತು ವರ್ಷ ಹುಳ ಸಾಕಿದವರಿಗೆ, ಅಲುಗಾಡದೆ ಕೂತ ಜೀವವನ್ನ ಕಾಯೋದು ಅಂದರೆ ಅಷ್ಟೇ ಗೊತ್ತಿರೋದು. ನಾನು ಓದಿದವಳು, ನಾನೂ ಗೋಣಿತಾಟು ನೆನೆಸಿ ಕೊಟ್ಟೆ.

ಇನ್ನೊಂದು ದಿನ ಹೋಗಿದ್ದರೆ ಉಳೀತಿರಲಿಲ್ಲ ಅಂತ ಡಾಕ್ಟರು ಅಂದರಂತೆ. ಅದನ್ನ ಅತ್ತೆಗೆ ಹೇಳಿದೆ. ಅವರು ಮೊದಲ ಸಲ ಅಕ್ಕಯ್ಯಮ್ಮನ ಮಾತು ಎತ್ತಿದರು. ನಮ್ಮ ಮಾವನವರ ತಂಗಿ. ಅವರಿಗೆ ಶುಕ್ರವಾರ ದೇವಿ ಬರ್ತಿತ್ತು ಅಂತ ನಾನು ಕೇಳಿದ್ದೆ ಅಷ್ಟೇ. ನಡುಮನೆಯ ಪಕ್ಕದ ಕೋಣೆಯಲ್ಲಿ ಅವರೂ ಹೀಗೇ ದಿನಗಟ್ಟಲೆ ತಲೆ ಎತ್ತಿಕೊಂಡು ಕೂರ್ತಿದ್ದರಂತೆ. ಜನ ಬಂದು ಕುಂಕುಮ ಇಟ್ಟು, ತೆಂಗಿನಕಾಯಿ ಒಡೆದು, ಕೇಳಿಕೆ ಕೇಳಿ ಹೋಗ್ತಿದ್ದರಂತೆ. ದೇವಿಯನ್ನ ಡಾಕ್ಟರ ಹತ್ತಿರ ಯಾರು ಕರೆದುಕೊಂಡು ಹೋಗ್ತಾರೆ? ಮೂವತ್ತು ತುಂಬೋ ಮೊದಲೇ ಆ ಕೋಣೆಯಲ್ಲೇ ಹೋಗಿಬಿಟ್ಟರು. "ಪಟ್ಟೆ ಸೀರೆ ಉಡಿಸಿದ್ವಿ, ಸಾಯೋ ಹೊತ್ತಲ್ಲೂ" ಅಂದರು ಅತ್ತೆ.

ಚಿಕ್ಕಮ್ಮ ಮಾತ್ರೆ ಬಿಟ್ಟಿದ್ದರು ಅಂತ ಡಬ್ಬಿ ನೋಡಿದಾಗ ಗೊತ್ತಾಯ್ತು. ತೂಕಡಿಕೆ ಬಂದರೆ ಹುಳಕ್ಕೆ ಮೇವು ತಪ್ಪುತ್ತೆ ಅಂತ ಬಿಟ್ಟಿರಬೇಕು. ನಾನು ಅದನ್ನೇ ಚುರುಕು ಅಂತ ನಿನಗೆ ಹೊಗಳಿ ಬರೆದೆ.

ಬೈಯೋ ಹಕ್ಕು ನನಗಿಲ್ಲ, ಆದರೂ ಕೇಳ್ತೀನಿ. ಮಾತ್ರೆ ತಪ್ಪಿದರೆ ಹೀಗೆ ಕಲ್ಲಾಗಿಬಿಡ್ತಾರೆ ಅಂತ ನೀನ್ಯಾಕೆ ನನಗೆ ಹೇಳಲಿಲ್ಲ?

ಲೋಟದ ವಿಷಯಕ್ಕೆ ನಾನು ಉತ್ತರ ಬರೆದಿರಲಿಲ್ಲ. ಬೇರೆ ಇತ್ತು, ಅಂಚು ಮಡಿಸಿದ್ದು. ಮೊನ್ನೆ ಶಿಡ್ಲಘಟ್ಟಕ್ಕೆ ಹೋಗಿ ಒಂದೇ ಥರದ ಲೋಟಗಳನ್ನ ತಂದು, ಹಳೆಯವನ್ನೆಲ್ಲ ಪಾತ್ರೆಯವನಿಗೆ ಹಾಕಿದೆ. ಅತ್ತೆ ಒಂದೊಂದನ್ನೇ ತಿರುಗಿಸಿ ನೋಡಿ, "ನನ್ನದು ಯಾವುದು ಅಂತ ನನಗೇ ಗೊತ್ತಾಗದ ಹಾಗೆ ಮಾಡಿದೆಯಲ್ಲೇ" ಅಂತ ಗೊಣಗಿದರು. ಗೊಣಗಲಿ.

ಸೌಜನ್ಯ

*

ಚಿಕ್ಕಬಳ್ಳಾಪುರ
19 ಜುಲೈ 2024

ಸೌಜನ್ಯ,

ಹೇಳಿದ್ದರೆ ನೀನು ಬೇಡ ಅನ್ನುತ್ತಿದ್ದೆ ಎಂಬ ಭಯ. ಅಷ್ಟೇ. ಅಣ್ಣ ಗಂಡಿನ ಕಡೆಯವರಿಂದ ಅವಳನ್ನು ಮುಚ್ಚಿಡುತ್ತಾನೆಂದು ನಾನು ಅವನನ್ನು ಬೈಯುತ್ತಿದ್ದೆ. ನಾನು ನಿನ್ನಿಂದ ಮುಚ್ಚಿಟ್ಟೆ. ಹೆಚ್ಚು ವ್ಯತ್ಯಾಸವಿಲ್ಲ.

ಎರಡು ದಿನವಾಯಿತು, ಮನೆಗೆ ಬಂದಿದ್ದೇವೆ. ಗಂಜಿ ಕುಡಿಯುತ್ತಾಳೆ. ಗಂಜಿಯಲ್ಲಿ ಕರೀಬೇವು ಏಕೆ ಹಾಕಿದೆ ಎಂದು ಕೇಳಿದಳು, ಅಂದರೆ ಪೂರ್ತಿ ವಾಪಸ್ಸು ಬಂದಿದ್ದಾಳೆ.

ಅಕ್ಕಯ್ಯಮ್ಮನವರ ಬಗ್ಗೆ ಓದಿದಾಗ ಮೊದಲು ಬಂದದ್ದು ಸಿಟ್ಟು. ಒಂದೇ ಕಾಯಿಲೆ. ನಿಮ್ಮ ಮನೆಯಲ್ಲಿ ಕುಂಕುಮ, ನಮ್ಮ ಕೇರಿಯಲ್ಲಿ ಹಗ್ಗ. ರಾತ್ರಿ ಅದನ್ನೇ ನೆನೆಯುತ್ತ ಮಲಗಿದ್ದೆ. ಬೆಳಿಗ್ಗೆ ಬೇರೆಯೇ ಕಂಡಿತು. ಕೊಟ್ಟಿಗೆಯಲ್ಲಿ ಬಿದ್ದವಳನ್ನು ನರ್ಸಮ್ಮ ಇಣುಕಿ ನೋಡಬಹುದಿತ್ತು. ನಡುಮನೆಯ ದೇವಿಯನ್ನು ನೋಡಲು ಅವರನ್ನು ಯಾರು ಒಳಗೆ ಬಿಡುತ್ತಿದ್ದರು? ಕೇರಿಯವಳು ಬದುಕಿದಳು, ನಿಮ್ಮವರು ಹೋದರು. ಹಗ್ಗ ಒಳ್ಳೆಯದು ಎನ್ನುತ್ತಿಲ್ಲ. ಇಬ್ಬರನ್ನೂ ಯಾರೂ "ನಿನಗೆ ಏನು ಬೇಕಮ್ಮ" ಎಂದು ಕೇಳಲಿಲ್ಲ, ಅಷ್ಟು ಮಾತ್ರ ಸಮ.

ಹಾಗಾಗಿ ನಿನ್ನೆ ನಾನು ಕೇಳಿದೆ. ಮುಂದಿನ ತಿಂಗಳ ಮೊದಲ ಭಾನುವಾರ ಅವಳನ್ನು ಆಶ್ರಮಕ್ಕೆ ಕರೆದೊಯ್ಯಲು ಅಣ್ಣ ಕಾರು ತರುತ್ತಾನೆ. ಬೆಳೆಯ ಮಾತು ಮುರಿದಿದೆ, ಅವನನ್ನು ತಡೆಯಲು ನನಗೆ ಬಾಯಿಲ್ಲ. ಎಲ್ಲವನ್ನೂ ಬಿಡಿಸಿ ಹೇಳಿದೆ. ನಿಮ್ಮ ಅತ್ತೆ ಏಕೆ ಎಬ್ಬಿಸಲಿಲ್ಲ ಎಂಬುದನ್ನೂ.

ಅವಳು "ಒಳಗಿಂದ ನನಗೆ ಎಲ್ಲ ಕೇಳಿಸ್ತಿತ್ತು ಕಣಮ್ಮ" ಎಂದಳು. "ಒರಳು ತಿರುಗೋದು, ಹುಳ ತಿನ್ನೋದು. ಯಾರಾದ್ರೂ ಬಂದು ಹಿಡ್ಕೊಂಡು ಎಳೀಲಿ ಅಂತ ಕೂತಿದ್ದೆ. ಎಲ್ಲಾ ಪಿಸಪಿಸ ಅಂತ ಹೋಗ್ಬಿಡೋರು."

"ಆಶ್ರಮಕ್ಕೆ ಹೋಗ್ತೀಯಾ?"

"ಅಲ್ಲಿ ಹುಳ ಇಲ್ವಲ್ಲ." ಆಮೇಲೆ ಎಂದಳು, "ಆಯಮ್ಮನ್ನ ಕೇಳು. ನಾನೇನು ಹುಳ ಅಲ್ಲ. ನನ್ನ ಎಬ್ಬಿಸ್ತೀನಿ ಅಂದ್ರೆ ಬತ್ತೀನಿ."

ಕೇಳುತ್ತಿದ್ದೇನೆ, ನಿಮ್ಮ ಅತ್ತೆಯನ್ನು. ಇಲ್ಲವೆಂದರೂ ನಿನ್ನ ಮೇಲೆ ನನ್ನ ಪ್ರೀತಿ ಎಲ್ಲಿಗೂ ಹೋಗುವುದಿಲ್ಲ. ನಿನ್ನ ಫೋನು ಎತ್ತದಿದ್ದ ದಿನಗಳಲ್ಲೂ ಹೋಗಿರಲಿಲ್ಲ.

ಗೌತಮಿ

*

ತೋಟದ ಮನೆ
23 ಜುಲೈ 2024

ಕೊಂಡಮ್ಮನಿಗೆ ವೆಂಕಟರತ್ನಮ್ಮ ಬರೆಯುವುದು. ನಾನು ನಾಲ್ಕನೇ ಕ್ಲಾಸು, ಅದೂ ತೆಲುಗು ಮೇಷ್ಟ್ರ ಹತ್ತಿರ. ತಪ್ಪಿದ್ದರೆ ನಿನ್ನ ಮಗಳು ಗೌತಮಿ ತಿದ್ದಿ ಓದಲಿ. ಸೌಜನ್ಯ ನಾನು ಬರೀತೀನಿ ಅಂದಳು, ಬೇಡ ಅಂದೆ. ಕೇಳಿದ್ದು ನನ್ನನ್ನ.

ಎಬ್ಬಿಸ್ತೀನಿ. ಕೂಗಿ ಎಬ್ಬಿಸ್ತೀನಿ, ಏಳದಿದ್ದರೆ ನೀರು ಚಿಮುಕಿಸಿ ಎಬ್ಬಿಸ್ತೀನಿ, ಆಗಲೂ ಏಳದಿದ್ದರೆ ಆಟೋಗೆ ಫೋನ್ ಮಾಡ್ತೀನಿ. ನಂಬರು ಗೋಡೆ ಮೇಲೆ ಮಸಿಯಲ್ಲಿ ಬರೆಸಿದ್ದೀನಿ. ಆಗ ನೀನು ನನ್ನ ಬೈದರೆ ನಾನು ಸುಮ್ಮನಿರಲ್ಲ, ನಾನೂ ಬೈತೀನಿ.

ಮಾತ್ರೆ ನನ್ನ ಕೈಯಿಂದ ನುಂಗಬೇಕು. ನನ್ನ ಬಿ.ಪಿ. ಮಾತ್ರೆ ನೀನು ಕೊಡು, ನಿನ್ನದು ನಾನು ಕೊಡ್ತೀನಿ. ರಾತ್ರಿ ಮೇವಿಗೆ ನನ್ನ ಮಗನನ್ನ ಎಬ್ಬಿಸ್ತೀನಿ, ಅವನಿಗೆ ಹೊಟ್ಟೆ ಕರಗಬೇಕಾಗಿದೆ. ನಿನಗೆ ರಾತ್ರಿ ಕೆಲಸ ಇಲ್ಲ.

ಸೊಪ್ಪಿನ ಕೋಣೆ ಬೇಡ. ಅಕ್ಕಯ್ಯಮ್ಮನ ಕೋಣೆ ಬಾಗಿಲು ತೆಗೆಸಿ ಸುಣ್ಣ ಹೊಡೆಸಿದೆ. ಅಲ್ಲಿ ಇಬ್ಬರೂ ಮಲಗಣ, ನನಗೂ ಒಬ್ಬಳೇ ಮಲಗಕ್ಕೆ ಆಗಲ್ಲ. ನಾನು ಗೊರಕೆ ಹೊಡೀತೀನಿ ಅಂತ ಸೌಜನ್ಯ ಹೇಳಿರ್ತಾಳೆ. ಸುಳ್ಳು.

ಹುಳಕ್ಕೆ ಏನು ಬೇಕು ಅಂತ ನನಗೆ ಗೊತ್ತು. ಮನುಷ್ಯರಿಗೆ ಏನು ಬೇಕು ಅಂತ ಇನ್ನು ಮೇಲೆ ಕೇಳ್ತೀನಿ. ಬಾ.

ವೆಂಕಟರತ್ನಮ್ಮ

*

ತೋಟದ ಮನೆ
27 ಆಗಸ್ಟ್ 2024

ಗೌತು,

ಕಾರು ತರೋ ಮೊದಲೇ ಚಿಕ್ಕಮ್ಮನ್ನ ಇಲ್ಲಿಗೆ ಕರ್ಕೊಂಡು ಬಂದ್ವಿ ಅಂತ ಮುನಿಸಿಕೊಂಡಿದ್ದ ನಿಮ್ಮಣ್ಣ ಮೊನ್ನೆ ಕೊನೆಗೂ ಬಂದಿದ್ದರು, ಒಬ್ಬರೇ. ಆಶ್ರಮದವರು ಮತ್ತೆ ಫೋನ್ ಮಾಡಿದ್ದರಂತೆ. ಬಂದ ಹೊತ್ತಿಗೆ ಜಗಲಿ ಮೇಲೆ ಮಾತ್ರೆ ವಹಿವಾಟು ನಡೀತಿತ್ತು. ಈಗ ರಾತ್ರಿ ಊಟ ಬೇಗ ಮುಗಿಸಿ, ಅತ್ತೆ ಚಿಕ್ಕಮ್ಮನ ಬಾಯಿ ತೆರೆಸಿ ನಾಲಿಗೆ ಕೆಳಗೂ ನೋಡ್ತಾರೆ. ಇವರು ಅತ್ತೆಯ ಬಾಯಿ ತೆರೆಸಿ "ಅಮ್ಮಾ, ಇಲ್ಲಿ ಹಲ್ಲೇ ಇಲ್ವಲ್ಲ, ಎಲ್ಲಿ ಬಚ್ಚಿಡ್ತೀಯ?" ಅಂತಾರೆ. ಕೆಂಪರಾಜಣ್ಣ ನೋಡ್ತಾ ನಿಂತಿದ್ದರು. ಆಮೇಲೆ "ಚಿಕ್ಕಮ್ಮ, ಮಗಳ ಮದುವೆ ಗೊತ್ತಾಗ್ತಾ ಇದೆ, ಬರ್ತೀಯಾ?" ಅಂದರು. ಆಶ್ರಮದ ಮಾತು ಎತ್ತಲಿಲ್ಲ. ಅವರೇ ನಿನಗೆ ಫೋನ್ ಮಾಡಿ ಹೇಳ್ತಾರೆ, ಗೊತ್ತಿಲ್ಲದವಳ ಹಾಗೆ ಕೇಳು.

ಎಲ್ಲಾ ಸಲೀಸಾಗಿದೆ ಅಂತ ತಿಳೀಬೇಡ. ಪಕ್ಕದ ತೋಟದವರು ನಮ್ಮಲ್ಲಿ ಕಾಫಿ ಕುಡಿಯೋದು ಬಿಟ್ಟಿದ್ದಾರೆ. ಕೋಣೆಯ ಸುದ್ದಿ ಕೇಳಿ ನಾದಿನಿ ಫೋನಿನಲ್ಲಿ ಕಿರುಚಿದಳು. ಸ್ಪೀಕರ್ ಇತ್ತಲ್ಲ, ಎಲ್ಲರಿಗೂ ಕೇಳಿಸ್ತು. ಅತ್ತೆ "ಕಿವಿ ಕೇಳಿಸಲ್ಲಮ್ಮ" ಅಂತ ಇಟ್ಟುಬಿಟ್ಟರು. ಒಂದು ದಿನ ಚಿಕ್ಕಮ್ಮ ಬೆಳಿಗ್ಗೆಯಿಂದ ಮಂಕಾಗಿದ್ದರು. ಅತ್ತೆ ಆಟೋ ತರಿಸಿಯೇಬಿಟ್ಟರು. ನೋಡಿದರೆ ಹಲ್ಲುನೋವು. ಡಾಕ್ಟರು ನಕ್ಕರು, ಅತ್ತೆ ನಗಲಿಲ್ಲ.

ಈ ಭಾನುವಾರ ಬರ್ತೀನಿ ಅಂತ ಬರೆದಿದ್ದೆಯಲ್ಲ. ಅದನ್ನ ಓದಿ ಹೇಳಿದೆ. ಚಿಕ್ಕಮ್ಮ ಸೊಪ್ಪು ಕೆಳಗಿಟ್ಟು, ನಾನು ಹೇಳಿದ್ದನ್ನೇ ಬರಿ, ಒಂದಕ್ಷರ ಬಿಡಬೇಡ ಅಂತ ನನ್ನ ಭುಜದ ಹತ್ತಿರವೇ ನಿಂತಿದ್ದಾರೆ. ಬರೀತಿದ್ದೀನಿ:

"ಈ ಭಾನುವಾರ ಬರಬೇಡ ಕಣಮ್ಮ. ಹುಳ ಗೂಡಿಗೆ ಹಣ್ಣಾಗ್ತಾ ಅವೆ, ಆರಿಸಿ ಆರಿಸಿ ಚಂದ್ರಿಕೆ ತಟ್ಟೆಗೆ ಬಿಡಬೇಕು. ನೀನು ಬಂದ್ರೆ ಊಟ ಮಾಡ್ದ್ಯಾ, ನಿದ್ದೆ ಬಂತಾ ಅಂತ ಕೇಳ್ತಾ ಕೂರ್ತೀಯ. ಉತ್ತರ ಹೇಳ್ತಾ ಕೂರಕ್ಕೆ ನನಗೆ ಪುರುಸೊತ್ತಿಲ್ಲ. ಗೂಡು ಕಟ್ಟಿದ ಮೇಲೆ ಬಾ."

ಸೌಜನ್ಯ